ಭತ್ಯೆಯಿಲ್ಲದ ತರಬೇತಿ ಯಾರಿಗೆ?

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಕುಲಪತಿಗಳಾಗಿ ರೂಪಿಸಿದ ಮಾನಸಗಂಗೋತ್ರಿಯಲ್ಲಿ, ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಪ್ರಮುಖರು. ತೊಗಲುಗೊಂಬೆಯನ್ನೋ ಸೋಮನ ಮುಖವಾಡವನ್ನೋ ಒರೆಸಿ, ಅಳೆದು, ದಾಖಲಿಸಿಡುವ ವಿದ್ಯೆ ಪಠ್ಯಪುಸ್ತಕದಿಂದ ಬರುವಂಥದಲ್ಲ. ಕೈಯಿಂದ ಕೈಗೆ ಬರಬೇಕು. ಇಂತಹ ಸಂಗ್ರಹಾಲಯಗಳಲ್ಲಿ ಭತ್ಯೆಯಿಲ್ಲದೆ ತರಬೇತಿ ಎಂದರೆ ಯಾರು ಬಂದಾರು? ಮೈಸೂರಿನಲ್ಲೇ ಮನೆಯುಳ್ಳವರು. ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಅಡಿಕೆ ಸುಲಿದರಾದರೂ ಕೂಲಿಯುಂಟು (ಶಿಷ್ಯರೇ, ನಿಮಗೆ ಹೇಳಬೇಕೆ!).

2024ರಲ್ಲಿ ಕೇಂದ್ರ ಸರ್ಕಾರವು ದೊಡ್ಡ ಕಂಪೆನಿಗಳಲ್ಲಿ ಇಂಟರ್ನ್‌ಷಿಪ್ ಮಾಡುವವರಿಗೆ ತಿಂಗಳಿಗೆ 5000 ರೂಪಾಯಿ ಘೋಷಿಸಿತು. ವಿಶ್ವವಿದ್ಯಾನಿಲಯಗಳ ಸಂಗ್ರಹಾಲಯಗಳೂ ಅಷ್ಟನ್ನಾದರೂ ಕೊಡಲಿ. ಕೋಣೆಬಾಡಿಗೆಗೂ ಊಟಕ್ಕೂ ಅದು ಸಾಲದು, ನಿಜ, ಆದರೂ ಕೊಪ್ಪದ ಹುಡುಗಿಯೊಬ್ಬಳಿಗೆ "ಅಪ್ಪಯ್ಯ, ಹೋಗಲಾ?" ಎಂದು ಕೇಳುವಷ್ಟು ಧೈರ್ಯ ಬಂದೀತು.