ಎಂಜಿನ್ ಮುಚ್ಚಳದ ಒಳಮೈಗೂ ಎಫ್‌ಸಿ ಬೇಕು

ಪಾವಗಡದಿಂದ ಮಧುಗಿರಿಗೆ, ಅಲ್ಲಿಂದ ಕೊರಟಗೆರೆಗೆ ಓಡುವ ಲೈನ್ ಬಸ್ಸುಗಳಲ್ಲಿ ಸೀಟು ಸಿಗದವರಿಗೆ ಡ್ರೈವರ್ ಪಕ್ಕದ ಬಾನೆಟ್ಟೇ ಸೀಟು. ಅದರ ಮೇಲೊಂದು ದಪ್ಪನೆಯ ಫೋಮು, ಫೋಮಿಗೆ ರೆಕ್ಸಿನ್. ಕೂತವರಿಗೆ ಬಿಸಿ ತಟ್ಟದಿದ್ದರೆ ಮಾಲೀಕರ ಪಾಲಿಗೆ ಕೆಲಸ ಮುಗಿಯಿತು. ಮುಚ್ಚಳದ ಒಳಗಡೆ ಏನನ್ನು ಅಂಟಿಸಿದ್ದಾರೆ, ಅದಕ್ಕೆ ಡೀಸೆಲ್ ಸಿಡಿದರೆ ಗತಿಯೇನು ಎಂದು ಕೇಳುವವರು ಕಡಿಮೆ. ಹಳೆಯ ಬಸ್ಸಿಗೆ ಹೊಸ ಬಾಡಿ ಕಟ್ಟಿಸಿ ಸ್ಲೀಪರ್ ಕೋಚೋ ಶಾಲಾ ಬಸ್ಸೋ ಸಂಚಾರಿ ಕ್ಲಿನಿಕ್ಕೋ ಮಾಡುವಾಗಲೂ ಚರ್ಚೆಯೆಲ್ಲ ಸೀಟು, ಬಣ್ಣ, ಲೈಟುಗಳದ್ದೇ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಾಹನಗಳಿಗೆ ಕೆಎ–64 ಸಂಖ್ಯೆ ಕೊಡುವುದು ಮಧುಗಿರಿಯ ಸಾರಿಗೆ ಕಚೇರಿ. ಎಂಟು ವರ್ಷ ದಾಟಿದ ಬಸ್ಸು ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕು. ಬಾಡಿ ಬದಲಾಗುವುದು ಹೆಚ್ಚಾಗಿ ಇಷ್ಟು ವಯಸ್ಸಾದ ಬಸ್ಸುಗಳದ್ದೇ. ಹಾಗಾಗಿ ಪ್ರಶ್ನೆ ಕೇಳಲು ಜಾಗವೂ ಇದೆ, ಸಂದರ್ಭವೂ ಇದೆ.

ಕೇಳಬೇಕಾದ ಕಾರಣ ದೂರದ್ದೇನಲ್ಲ. 2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು, ಸಿರಾ ಮುಟ್ಟುವ ಮೊದಲೇ ಹಿರಿಯೂರು ತಾಲ್ಲೂಕಿನಲ್ಲಿ ಹೊತ್ತಿ ಉರಿಯಿತು. ಐವರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಬೆಂಕಿ ಎಂಜಿನ್ ಕಡೆಯಿಂದ ಎದ್ದಿತೆಂದು ಆಗಿನ ಮೊದಲ ವರದಿಗಳು ಹೇಳಿದ್ದವು.

ಎಂಜಿನ್ ಬೆಂಕಿಗೆ ಕಿಡಿಯೇ ಬೇಕೆಂದಿಲ್ಲ. ಭಾರ ಹೊತ್ತು ಏರು ಹತ್ತುವಾಗ ಟರ್ಬೊ ಮತ್ತು ಎಕ್ಸಾಸ್ಟ್ ಮೈಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಬಿಸಿ ಸಾಕು. ಹಳೆಯ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಡೀಸೆಲ್ಲೋ ಸ್ಟಿಯರಿಂಗ್ ಎಣ್ಣೆಯೋ ಅಲ್ಲಿಗೆ ಸಿಡಿದರೆ ಆಯಿತು. ಮುಚ್ಚಳದ ಒಳಗೆ ಅಂಟಿಸುವ ಇನ್‌ಸುಲೇಷನ್ ಇದನ್ನು ತಡೆಯುವುದಿಲ್ಲ. ಹೊತ್ತಿದ ಬೆಂಕಿಗೆ ತಾನೇ ಸೌದೆಯಾಗದೆ, ಕೊನೆಯ ಪ್ರಯಾಣಿಕ ಇಳಿಯುವಷ್ಟು ನಿಮಿಷ ಉಳಿಸಿಕೊಟ್ಟರೆ ಅದು ತನ್ನ ಕೆಲಸ ಮಾಡಿದಂತೆ.

ಅಂಗಡಿಯವರು ಬೇಗ ಹೊತ್ತಿಕೊಳ್ಳದ ‘ಎಫ್‌ಆರ್ ಫೋಮ್’ ಎಂದು ಸರ್ಟಿಫಿಕೇಟ್ ತೋರಿಸುತ್ತಾರೆ. ಅದು ಬಹುಮಟ್ಟಿಗೆ ಸೀಟಿನ ಬಟ್ಟೆ, ಒಳಗಿನ ಹೊದಿಕೆಗಳಿಗಾಗಿ ಇರುವ ಪರೀಕ್ಷೆಯದ್ದು: ಅಡ್ಡಲಾಗಿ ಹಿಡಿದ ತುಂಡು ಎಷ್ಟು ನಿಧಾನ ಉರಿಯುತ್ತದೆ ಎಂದು ಅಳೆಯುವುದು. ವಿಶ್ವಸಂಸ್ಥೆಯ 118ನೇ ವಾಹನ ನಿಯಮದಲ್ಲಿ ಅದರ ಮಿತಿ ನಿಮಿಷಕ್ಕೆ 100 ಮಿ.ಮೀ. ಅಂದರೆ ಒಂದು ಮೀಟರ್ ಹಾಳೆ ಹತ್ತು ನಿಮಿಷದಲ್ಲಿ ಪೂರ್ತಿ ಸುಟ್ಟುಹೋದರೂ ಪಾಸು! ಅದೂ ಒಣಗಿದ, ಹೊಸ ತುಂಡಿನ ಲೆಕ್ಕ. ಆರು ತಿಂಗಳು ಎಣ್ಣೆ ಹೀರಿದ ಫೋಮು ಅದೇ ವಸ್ತುವಾಗಿ ಉಳಿದಿರುವುದಿಲ್ಲ. ಅದೇ ನಿಯಮದಲ್ಲಿ ಎಂಜಿನ್ ಕೋಣೆಯ ಇನ್‌ಸುಲೇಷನ್‌ಗೆ ಇನ್ನೊಂದು ಪರೀಕ್ಷೆ ಇದೆ: ಇಂಧನವನ್ನು, ಎಣ್ಣೆಯನ್ನು ಅದು ಹೀರುತ್ತದೆಯೇ ಎಂಬುದು. 107ನೇ ನಿಯಮ ಇನ್ನೂ ನೇರ. ಎಣ್ಣೆ ಹೀರುವ ವಸ್ತುವನ್ನು ಅಲ್ಲಿ ಬಳಸುವುದಾದರೆ ಅದರ ಮೇಲೆ ಎಣ್ಣೆ ಇಳಿಯದ ಹಾಳೆ ಇರಲೇಬೇಕು ಎನ್ನುತ್ತದೆ. ಮಾಲೀಕರು ಅಂಗಡಿಯಲ್ಲಿ ಕೇಳಬೇಕಾದದ್ದು ಎಣ್ಣೆ ಹೀರುತ್ತದೆಯೇ ಎಂಬ ಆ ಎರಡನೆಯ ಪರೀಕ್ಷೆಯ ಕಾಗದವನ್ನು.

ರಾಕ್‌ವೂಲ್ ಸಾವಿರ ಡಿಗ್ರಿಯ ಆಸುಪಾಸಿನವರೆಗೂ ಕರಗದು, ಗಾಜಿನ ಉಣ್ಣೆ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಆದರೆ ಎರಡೂ ಎಣ್ಣೆಯನ್ನೂ ಸರ್ವಿಸ್ ಸ್ಟೇಷನ್ನಿನ ನೀರನ್ನೂ ಕುಡಿಯುತ್ತವೆ. ಬರೀ ಅಲ್ಯೂಮಿನಿಯಂ ಕಾಗದ ಹೊದಿಸಿದರೆ ಸಾಲದು. ಅಂಚು, ಕತ್ತರಿಸಿದ ಜಾಗ, ಜೋಡಣೆಗಳನ್ನೆಲ್ಲ ಮುಚ್ಚಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವುದರಿಂದ ಟರ್ಬೊ ಎದುರಿಗೆ ಅಂತರ ಬಿಟ್ಟು ಉಕ್ಕಿನ ತಗಡಿನ ಮರೆಯೇ ಸರಿ. ಸಿರಾಮಿಕ್ ಫೈಬರ್ ಇನ್ನೂ ಹೆಚ್ಚು ಬಿಸಿ ತಾಳುತ್ತದೆ. ಆದರೆ ಅದರ ಎಳೆಗಳು ಕ್ಯಾನ್ಸರ್ ತರುವ ಸಾಧ್ಯತೆ ಇದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ, ಕತ್ತರಿಸುವ ಹುಡುಗನಿಗೆ ಮಾಸ್ಕ್ ಕೊಡದೆ ಅದನ್ನು ತರಿಸಬಾರದು. ಸೈಲೆನ್ಸರ್ ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುವ ಹಳೆಯ ಚಾಳಿಯಂತೂ ಬೇಡವೇ ಬೇಡ.

ವಸ್ತು ಒಳ್ಳೆಯದಾದರೂ ಕೂರಿಸುವ ರೀತಿ ಕೆಡಿಸುತ್ತದೆ. ಬರೀ ಗೋಂದಿನಲ್ಲಿ ಅಂಟಿಸಿದರೆ ಬಿಸಿಗೆ ಬಿಟ್ಟುಕೊಂಡು ಹಾಳೆ ಟರ್ಬೊ ಮೇಲೆಯೇ ಬೀಳುತ್ತದೆ. ಪಿನ್ನು, ವಾಷರ್, ರಿವೆಟ್ಟುಗಳಲ್ಲಿ ಹಿಡಿಸಬೇಕು. ಎಸಿ ಪೈಪಿಗೆಂದು, ಟಿ.ವಿ., ಚಾರ್ಜರ್ ವೈರುಗಳಿಗೆಂದು ಹೊಸ ಬಾಡಿಯಲ್ಲಿ ಕೊರೆದ ತೂತುಗಳನ್ನು ಹಾಗೇ ಬಿಟ್ಟರೆ ಹೊಗೆ ಮೊದಲು ಬರುವುದು ಅವುಗಳಿಂದಲೇ. ಅತಿಯಾಗಿ ತುರುಕಿ ಗಾಳಿಯ ದಾರಿ ಕಟ್ಟುವುದೂ ತಪ್ಪು. ಪಾವಗಡದ ಬೇಸಿಗೆಯಲ್ಲಿ ಸಂಚಾರಿ ಕ್ಲಿನಿಕ್ಕೊಂದು ಎಸಿಗಾಗಿ ಎಂಜಿನ್ ಓಡಿಸಿಕೊಂಡು ಗಂಟೆಗಟ್ಟಲೆ ನಿಂತಿರುತ್ತದೆ ಎನ್ನಿ. ಓಡುವ ಬಸ್ಸಿಗೆ ಸಿಗುವ ಗಾಳಿ ಅದಕ್ಕೆಲ್ಲಿ?

ಅನುಮತಿಯಿಲ್ಲದೆ ವಾಹನದ ಸ್ವರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 182ಎ ಕಲಂ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಪ್ರತಿ ಬದಲಾವಣೆಗೆ ₹5,000 ದಂಡ, ಅಥವಾ ಎರಡೂ. ಎಂಜಿನ್ ಕೋಣೆಯ ಬೆಂಕಿಯನ್ನು ತಾನೇ ಪತ್ತೆ ಮಾಡಿ ನಂದಿಸುವ ಸಾಧನಕ್ಕೆ ಎಐಎಸ್–135 ಎಂಬ ಭಾರತೀಯ ವಾಹನೋದ್ಯಮ ಮಾನದಂಡವೂ ಇದೆ. ಆದರೆ ಎಣ್ಣೆ ಕುಡಿದ ಹೊದಿಕೆಯಲ್ಲಿ ಆರಿಸಿದ ಬೆಂಕಿ ಮತ್ತೆ ಏಳಬಲ್ಲದು; ಸಾಧನವಿದೆ ಎಂದು ಫೋಮನ್ನು ಬಿಟ್ಟುಬಿಡುವಂತಿಲ್ಲ.

ಬಾಡಿ ಬದಲಿಸಿದ ಬಸ್ಸು ಎಫ್‌ಸಿಗೆ ಬಂದಾಗ ಬ್ರೇಕ್ ಇನ್‌ಸ್ಪೆಕ್ಟರ್ ಮುಚ್ಚಳ ತೆರೆಸಿ ಟಾರ್ಚ್ ಬಿಟ್ಟು ನೋಡಲಿ. ಹೊದಿಕೆಯ ಬಿಲ್ಲು, ಪರೀಕ್ಷಾ ಪತ್ರ, ಒಳಮೈಯ ಫೋಟೊ ಕಡತದಲ್ಲಿರಲಿ. ಎಣ್ಣೆ ಹಿಡಿದಿದ್ದರೆ ಬದಲಿಸಿ ತರಲು ಹೇಳಲಿ. ಎಫ್‌ಸಿ ಕೆಲಸ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ಕಡೆಗೆ ಸಾಗುತ್ತಿರುವುದರಿಂದ ಇದನ್ನು ಈಗಲೇ ಬರಹದ ನಿಯಮವಾಗಿ ಮಾಡುವುದು ಒಳ್ಳೆಯದು, ಏಕೆಂದರೆ ಬ್ರೇಕ್ ಅಳೆಯುವ ಯಂತ್ರಕ್ಕೆ ಫೋಮಿನ ವಾಸನೆ ಹತ್ತುವುದಿಲ್ಲ. ಶಾಲೆಗಳು ಆರಂಭವಾಗುವ ಮುಂಚೆ, ಮೇ ತಿಂಗಳಲ್ಲಿ, ಈ ನಾಲ್ಕು ತಾಲ್ಲೂಕುಗಳ ಶಾಲಾ ಬಸ್ಸುಗಳಿಂದಲೇ ಶುರುಮಾಡಬಹುದು.