ಎರಡು ಕಂಪ್ಯೂಟರಿಗೆ ಒಂದೇ ಡಿಸ್ಕ್: ಈ ಉಳಿತಾಯಕ್ಕೆ ನನ್ನ ವಿರೋಧವಿದೆ

ನಮ್ಮ ಬಂಧುಗಳಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಈಚೆಗೆ ಒಂದು ವಿಚಿತ್ರ ಉಳಿತಾಯದ ಬುದ್ಧಿ ಕಾಣಿಸಿಕೊಂಡಿದೆ. ಮೇಜಿನ ಮೇಲೆ ಎರಡು ಕಂಪ್ಯೂಟರ್. ನಡುವೆ ಅಂಗೈಯಗಲದ ಒಂದು ಯು.ಎಸ್.ಬಿ. ಸ್ವಿಚ್, ಅದಕ್ಕೆ ಜೋಡಿಸಿದ ಒಂದೇ ಒಂದು ಹಾರ್ಡ್ ಡಿಸ್ಕ್. ಗುಂಡಿ ಒತ್ತಿದರೆ ಡಿಸ್ಕು ಈ ಯಂತ್ರಕ್ಕೆ, ಮತ್ತೊಮ್ಮೆ ಒತ್ತಿದರೆ ಆ ಯಂತ್ರಕ್ಕೆ. "ಮೇಷ್ಟ್ರೇ, ಇನ್ನೊಂದು ಡಿಸ್ಕಿನ ದುಡ್ಡು ಉಳಿಯಿತು" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಉಳಿದದ್ದು ದುಡ್ಡೇ ಹೊರತು ಬೇರೇನೂ ಅಲ್ಲ ಎಂಬುದು ನನ್ನ ವಾದ.

ಈ ಅಭ್ಯಾಸ ಎಲ್ಲಿಂದ ಬಂತೆಂದು ಬಲ್ಲೆ. ತೊಂಬತ್ತರ ದಶಕದಲ್ಲಿ ಕಚೇರಿಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಎರಡು ಕಂಪ್ಯೂಟರಿಗೆ ಒಂದು ಪ್ರಿಂಟರ್ ಇರುತ್ತಿತ್ತು. ನಡುವೆ ತಿರುಗುಣಿಯುಳ್ಳ ತಗಡಿನ ಡಬ್ಬಿ. ಅಕಾಲದಲ್ಲಿ ತಿರುಗಿಸಿದರೆ ಒಂದು ಹಾಳೆ ಕೆಡುತ್ತಿತ್ತು, ಅಷ್ಟೆ. ಬೈದುಕೊಂಡು ಮತ್ತೊಂದು ಹಾಳೆ ಹಾಕುತ್ತಿದ್ದರು. ಪ್ರಿಂಟರಿಗೆ ನೆನಪಿಲ್ಲ. ಡಿಸ್ಕಿಗಾದರೋ ನೆನಪೇ ಅದರ ಕಸುಬು. ತನ್ನೊಳಗೆ ಯಾವ ಕಡತ ಎಲ್ಲಿದೆ ಎಂಬ ಸೂಚಿಯೊಂದನ್ನು ಅದು ಸದಾ ಇಟ್ಟುಕೊಂಡಿರುತ್ತದೆ, ಮತ್ತು ಆ ಸೂಚಿಯನ್ನು ತಿದ್ದುವುದು ಡಿಸ್ಕಲ್ಲ, ಕಂಪ್ಯೂಟರು. ಕಂಪ್ಯೂಟರು "ನಕಲು ಮುಗಿಯಿತು" ಎಂದು ತೋರಿಸಿದ ಮೇಲೂ ಕೆಲವು ಬಾರಿ ಕೊನೆಯ ಭಾಗವನ್ನು ತನ್ನ ಸ್ಮೃತಿಯಲ್ಲಿಯೇ ಹಿಡಿದಿಟ್ಟುಕೊಂಡಿರುತ್ತದೆ. ಆ ಗಳಿಗೆಯಲ್ಲಿ ಗುಂಡಿ ಒತ್ತಿದರೆ ತಂತಿಯನ್ನೇ ಕಿತ್ತಂತಾಯಿತು. ಪ್ರತ್ಯೇಕ ವಿದ್ಯುತ್ತಿಲ್ಲದ ಚಿಕ್ಕ ಡಿಸ್ಕುಗಳಿಗೆ ಆ ಕ್ಷಣ ವಿದ್ಯುತ್ತೂ ತಪ್ಪುವುದುಂಟು.

ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದು ಕೆರೆ, ಎರಡು ಕಾಲುವೆ. ತೂಬನ್ನು ಎತ್ತುವುದೂ ಇಳಿಸುವುದೂ ನೀರಗಂಟಿಯ ಕೆಲಸ. ಅವನು ಅಚ್ಚುಕಟ್ಟಿನಲ್ಲಿ ನಡೆದು ನೋಡಿ, ಯಾರ ಗದ್ದೆ ತುಂಬಿದೆ, ಯಾರದು ಅರ್ಧಕ್ಕೆ ನಿಂತಿದೆ ಎಂದು ತಿಳಿದೇ ಸರದಿ ಬದಲಿಸುತ್ತಿದ್ದ. ಸ್ವಿಚ್ಚಿಗೆ ಆ ನಡಿಗೆಯೂ ಇಲ್ಲ, ನೋಟವೂ ಇಲ್ಲ. ಒತ್ತಿದ ಕೈ ಯಾರದ್ದಾದರೂ ಅದು ತಿರುಗುತ್ತದೆ.

ಮಾಲೂರಿನಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ಹೆಸರು ಬೇಡ. ಒಂದು ಕಂಪ್ಯೂಟರಿನಲ್ಲಿ ಕ್ಯಾಮೆರಾದಿಂದ ಇಳಿಸಿಕೊಳ್ಳುವುದು, ಇನ್ನೊಂದರಲ್ಲಿ ಆಲ್ಬಂ ಜೋಡಿಸುವುದು, ನಡುವೆ ಸ್ವಿಚ್ಚು. ನಮ್ಮ ಬಂಧುಗಳ ಮಗಳ ಮದುವೆಯ ಚಿತ್ರಗಳು ಇಳಿಯುತ್ತಿದ್ದಾಗ ಆಲ್ಬಂ ಮೇಜಿನ ಹುಡುಗ ತನ್ನ ಸರದಿಯೆಂದು ಗುಂಡಿ ಒತ್ತಿದ. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಯಂತ್ರ ಕೇಳಿತು, ಹುಡುಗ ಹೌದೆಂದ. ಬೆಂಗಳೂರಿಗೆ ಒಯ್ದು ತೋರಿಸಿದ ಮೇಲೆ ಚಿತ್ರಗಳಲ್ಲಿ ಅರ್ಧದಷ್ಟು ಮರಳಿ ಬಂದವು. ಧಾರೆಯ ವೀಡಿಯೋ ಬರಲಿಲ್ಲ. ಅದರಲ್ಲಿ ವಧುವಿನ ತಂದೆ ಬೀಗರನ್ನು ಉದ್ದೇಶಿಸಿ ನಾಲ್ಕು ಮಾತನಾಡಿದ್ದರು. ಮರುವರ್ಷ ಅವರು ತೀರಿಕೊಂಡರು. ಆ ಹೆಣ್ಣುಮಗಳು ಇಂದಿಗೂ "ಅಪ್ಪನ ದನಿ ಎಲ್ಲಾದರೂ ಸಿಕ್ಕೀತೇ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಹುಡುಗನನ್ನು ದೂಷಿಸುವವರು ದೂಷಿಸಲಿ, ನಾನು ದೂಷಿಸಲಾರೆ. ಒಬ್ಬನ ಕೆಲಸ ಇನ್ನೊಬ್ಬನಿಗೆ ಕಾಣದಂತೆ ಇಬ್ಬರನ್ನು ಕೂರಿಸಿ, ಇಬ್ಬರ ಕೈಗೂ ಒಂದೇ ಗುಂಡಿ ಕೊಟ್ಟ ವ್ಯವಸ್ಥೆಯದು ಆ ತಪ್ಪು.

"ಈಗ ಅಷ್ಟೊಂದು ಭಯವಿಲ್ಲ" ಎಂದು ತಂತ್ರಜ್ಞರಾದ ನನ್ನ ಶಿಷ್ಯರು ವಾದಿಸುತ್ತಾರೆ. ನಿಜ, 2018ರ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ ಹೊರಗಿನ ಡಿಸ್ಕುಗಳಿಗೆ ಬರೆಯಬೇಕಾದ್ದನ್ನು ಹಿಡಿದಿಟ್ಟುಕೊಳ್ಳದೆ ಬೇಗನೆ ಬರೆಯುವ ಪದ್ಧತಿಯೇ ಮೊದಲಿನಿಂದ ಜಾರಿಯಲ್ಲಿರುತ್ತದೆ. ಆದರೆ ಬರೆಯುತ್ತಿರುವಾಗಲೇ ಒತ್ತಿದರೆ? ಎನ್.ಟಿ.ಎಫ್.ಎಸ್. ವಿಧಾನದ ಡಿಸ್ಕು ಸೂಚಿಯನ್ನೇನೋ ಸರಿಪಡಿಸಿಕೊಂಡೀತು, ಅರ್ಧ ಬರೆದ ಕಡತವನ್ನು ಪೂರ್ತಿಗೊಳಿಸಲಾರದು. ಎಕ್ಸ್‌ಫ್ಯಾಟ್ ವಿಧಾನದ್ದಕ್ಕೆ ಆ ರಕ್ಷಣೆಯೂ ಇಲ್ಲ. ಇನ್ನು ಒಂದು ಯಂತ್ರದ ವೈರಸ್ಸು ಅದೇ ಡಿಸ್ಕಿನ ಮೂಲಕ ಇನ್ನೊಂದಕ್ಕೆ ದಾಟುವ ಮಾತು; 2008ರಲ್ಲಿ ಆರಂಭವಾದ ಕಾನ್ಫಿಕರ್ ಹಾವಳಿಯನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ.

ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ಸರಳವಾದದ್ದು. ಎರಡು ಯಂತ್ರಗಳಲ್ಲಿಯೂ ಕಾಣುತ್ತದೆಯಾದ್ದರಿಂದ ಎರಡು ಕಡೆ ಇದೆ ಎಂಬ ಭ್ರಮೆಯನ್ನು ಈ ಸ್ವಿಚ್ಚು ಹುಟ್ಟಿಸುತ್ತದೆ. ಒಂದು ಮನೆಗೆ ಎರಡು ಬಾಗಿಲಿಟ್ಟರೆ ಎರಡು ಮನೆಯಾಗುವುದಿಲ್ಲವಷ್ಟೆ.

ಹಾಗಾದರೆ ಮಾಡಬೇಕಾದುದೇನು? ಡಿಸ್ಕನ್ನು ಒಂದೇ ಕಂಪ್ಯೂಟರಿಗೆ ಕಾಯಂ ಆಗಿ ಜೋಡಿಸಿ. ಮನೆಯಲ್ಲಿ ಅಂತರ್ಜಾಲಕ್ಕಾಗಿ ರೂಟರ್ ಹೇಗೂ ಇರುತ್ತದೆ; ಅದರ ಮೂಲಕ ಆ ಡಿಸ್ಕಿನ ಕಡತಕೋಶವನ್ನು ಇನ್ನೊಂದು ಕಂಪ್ಯೂಟರಿಗೆ ಹಂಚಿ. ಆಗ ಡಿಸ್ಕಿಗೆ ಬರೆಯುವುದು ಒಂದೇ ಯಂತ್ರ. ಎರಡನೆಯದು ಅದನ್ನು ಕೇಳಿ ಪಡೆಯುತ್ತದೆ, ಅದರ ಕೈಯಿಂದಲೇ ಬರೆಸುತ್ತದೆ. ನಮ್ಮ ನೀರಗಂಟಿ ಮರಳಿ ಬಂದಂತೆ! ಇದಕ್ಕೆ ಹೊಸ ಖರ್ಚೇನೂ ಇಲ್ಲ. ಖರ್ಚು ಬೀಳುವುದು ಎರಡನೆಯ ಡಿಸ್ಕಿಗೆ, ಅದನ್ನು ಮಾತ್ರ ಉಳಿಸಬೇಡಿ. ವಾರಕ್ಕೊಮ್ಮೆ ನಕಲು ತೆಗೆದು, ತಂತಿ ಬಿಚ್ಚಿ, ಬೀರುವಿನಲ್ಲಿ ಇಡಿ.

ಇಷ್ಟು ಮಾಡಿದ ಮೇಲೆ ಸ್ವಿಚ್ಚನ್ನು ಎಸೆಯಬೇಕಾಗಿಲ್ಲ. ಪ್ರಿಂಟರಿಗೆ ಜೋಡಿಸಿಕೊಳ್ಳಿ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.