ದೋಣಿ ಹೊತ್ತವರ ಲೆಕ್ಕ ಯಾರು ಇಡ್ತಾರೆ? (ಭಾಗ 3)

ಯುದ್ಧದ ರೀಲ್ಸ್ ಅಂದ್ರೆ ನಮಗೆ ಟ್ಯಾಂಕು, ಫೈಟರ್ ಜೆಟ್ಟು, ಬಿಜಿಎಮ್ಮು. ಇವತ್ತು ಸ್ವಲ್ಪ ಬೇರೆ ಥರದ ಸೈನಿಕರ ಬಗ್ಗೆ ಓದಿ: ಕೆನಡಾ ಸೇನೆಯ ಎಂಜಿನಿಯರ್‌ಗಳು. ಅಲ್ಲಿ 1903ರಲ್ಲಿ ಇವರದೇ ಪ್ರತ್ಯೇಕ ದಳ ಶುರುವಾಯ್ತು.

1944ರ ಸೆಪ್ಟೆಂಬರ್. ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಸೇತುವೆ ಹಿಡಿಯೋಕೆ ಪ್ಯಾರಾಚೂಟಲ್ಲಿ ಇಳಿದಿದ್ದ ಬ್ರಿಟಿಷ್ ಪಡೆ ಸೋತು, ನದಿಯ ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಸುತ್ತ ಜರ್ಮನ್ನರು, ಬೆನ್ನಿಗೆ ನದಿ. 25ರ ರಾತ್ರಿ ಮಳೆ ಬೇರೆ. ಕೆನಡಾದ 20 ಮತ್ತು 23ನೇ ಫೀಲ್ಡ್ ಕಂಪನಿಗಳ ಎಂಜಿನಿಯರ್‌ಗಳು, ಬ್ರಿಟಿಷ್ ಎಂಜಿನಿಯರ್‌ಗಳ ಜೊತೆ ಸೇರಿ, ಅವರನ್ನ ಕರ್ಕೊಂಡು ಬರೋಕೆ ಹೊರಟರು. ಭಾರದ ದೋಣಿಗಳನ್ನ ಕತ್ತಲಲ್ಲಿ, ಕೆಸರಲ್ಲಿ ಜಾರುತ್ತಾ, ನದಿಯ ಏರಿ ಹತ್ತಿಸಿ ನೀರಿಗಿಳಿಸಿದರು. ಮಳೆನೀರು ನುಗ್ಗಿ ಮೋಟಾರು ಕೈಕೊಡ್ತಿತ್ತು. ಎದುರಿಂದ ಗುಂಡು. ಆದ್ರೂ ಬೆಳಕು ಹರಿಯೋವರೆಗೂ ಹೋದರು, ಬಂದರು, ಮತ್ತೆ ಹೋದರು. ಸುಮಾರು 2,400 ಜನ ಜೀವಂತವಾಗಿ ಈಚೆ ದಡ ಸೇರಿದರು.

ಮಿಲಿಟರಿ ಲೆಕ್ಕದಲ್ಲಿ ಆರ್ನೆಮ್ ಒಂದು ಸೋಲು. ಆ 2,400 ಮನೆಗಳಲ್ಲಿ ಯಾರಾದ್ರೂ ಹಾಗಂತಾರಾ?

ಇನ್ನೊಬ್ಬ, ಕ್ಯಾಪ್ಟನ್ ಮಿಚೆಲ್. 1918ರ ಅಕ್ಟೋಬರ್‌ನಲ್ಲಿ, ಫ್ರಾನ್ಸ್‌ನ ಕಾಂಬ್ರೆ ಹತ್ತಿರ, ಜರ್ಮನ್ನರು ಸ್ಫೋಟಿಸೋಕೆ ಇಟ್ಟಿದ್ದ ಸೇತುವೆಯ ವೈರುಗಳನ್ನ ರಾತ್ರಿ ಹೋಗಿ ಕತ್ತರಿಸಿದ. ವಿಕ್ಟೋರಿಯಾ ಕ್ರಾಸ್ ಸಿಕ್ತು. ಒಂದು ಸೇತುವೆ ಸಿಡಿಯಲಿಲ್ಲ, ಅದೇ ಸಾಧನೆ!

ನನಗೆ ಇದಕ್ಕಿಂತ ಇಷ್ಟವಾದದ್ದು ಶಾಂತಿಕಾಲದ ಕತೆ. 1942ರಲ್ಲಿ ಅಮೆರಿಕದ ಸೇನೆ ಕಾಡು, ಹೆಪ್ಪುಗಟ್ಟಿದ ನೆಲ ಸೀಳಿ ಅಲಾಸ್ಕಾ ಹೆದ್ದಾರಿಯನ್ನ ಕೆಲವೇ ತಿಂಗಳಲ್ಲಿ ತೆರೆಯಿತು. ಅದರ ಬಗ್ಗೆ ಎಷ್ಟು ಬೇಕಾದ್ರೂ ಓದೋಕೆ ಸಿಗುತ್ತೆ. 1946ರಲ್ಲಿ ಕೆನಡಾದೊಳಗಿನ ಭಾಗ, ಅಂದ್ರೆ 1,900 ಕಿ.ಮೀ.ಗೂ ಹೆಚ್ಚು, ಕೆನಡಾ ಸೇನೆಯ ಕೈಗೆ ಬಂತು. ಎಂಜಿನಿಯರ್‌ಗಳು ಅದನ್ನ 18 ವರ್ಷ ನೋಡಿಕೊಂಡರು. ಹಿಮ ತೆಗೆಯೋದು, ಕೊಚ್ಚಿಹೋದ ರಸ್ತೆ ಸರಿಮಾಡೋದು, ಅವಸರದಲ್ಲಿ ಕಟ್ಟಿದ್ದ ಸೇತುವೆ ಬದಲಿಸೋದು. ಸುದ್ದಿಯಾಗಿದ್ದು ಯಾವಾಗ ಗೊತ್ತಾ? 1957ರಲ್ಲಿ ಪೀಸ್ ನದಿಯ ತೂಗುಸೇತುವೆ ಕುಸಿದಾಗ.

ಬಿಕಾಂ ಗೆಳೆಯರೇ, ನಮಗೆ ಇದು ಪಟ್ ಅಂತ ಅರ್ಥ ಆಗ್ಬೇಕು. ಹೊಸ ರಸ್ತೆ ಕಟ್ಟಿದ್ರೆ ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ. ರಿಪೇರಿ ಮಾಡಿದ್ರೆ ಆ ವರ್ಷದ ಖರ್ಚು, ಮಾರ್ಚ್ ಮುಗೀತು, ಮಾಯ. ಇತಿಹಾಸ ಬರೆಯೋರೂ ಇದೇ ಅಕೌಂಟಿಂಗ್ ಮಾಡ್ತಾರೆ ಅನ್ನೋದೇ ನನ್ನ ತಕರಾರು. ಕಟ್ಟಿದವರಿಗೆ, ಗೆದ್ದವರಿಗೆ ಅಧ್ಯಾಯ. ಉಳಿಸಿದವರಿಗೆ ಅಡಿಟಿಪ್ಪಣಿ, ಅದೂ ಅದೃಷ್ಟ ಇದ್ರೆ. ಹೀಗೆ ಓದಿ ಬೆಳೆದ ನಾವು ನಾಳೆ ಕೆಲಸಕ್ಕೆ ಸೇರಿದ್ಮೇಲೂ ಮೇಂಟೆನೆನ್ಸ್ ಅಂದ್ರೆ ಮೂಗು ಮುರೀತೀವಿ.

1964ರಲ್ಲಿ ಸೇನೆ ಆ ಹೆದ್ದಾರಿಯನ್ನ ಸಿವಿಲ್ ಇಲಾಖೆಗೆ ಒಪ್ಪಿಸಿ ಹೊರಟಿತು. ರಸ್ತೆ ಇವತ್ತಿಗೂ ಓಡಾಟಕ್ಕಿದೆ. ಮೊದಲಿದ್ದ ಡಾಂಕು ತಿರುವುಗಳನ್ನ ನೇರ ಮಾಡಿದ್ದರಿಂದ ಈಗ ಉದ್ದ ಮಾತ್ರ ಸ್ವಲ್ಪ ಕಮ್ಮಿ.